ನೆಟ್ ಹೋದ ಮೂರು ನಿಮಿಷ

ದಕ್ಕೆಯಲ್ಲಿ ಬೆಂಗ್ರೆಯ ದೋಣಿ ಕಾಯುತ್ತಿದ್ದೆ.
ಬ್ಯಾಗಿಗೆ ಇನ್ನೂ ವಿಮಾನದ ಚೀಟಿ ಅಂಟಿಕೊಂಡಿತ್ತು.
ಟಿಕೇಟಿನ ಮೋನಾಕ ನನ್ನ ಚಿಲ್ಲರೆ ಮುಟ್ಟಲಿಲ್ಲ:
"ದೇಶದ ಗೋಲು ಮೂರು ನಿಮಿಷ ಕಾದವಳಿಂದ
ಎಂತ ತಗೊಳ್ಳುವುದು ಮಾರಾಯ್ತಿ, ಕೂತ್ಕೊ."

ಎಂತ ಮೂರು ನಿಮಿಷ?

ಮೀನು ಮಾರಿ ಬುಟ್ಟಿ ಬರಿದಾದ ಹೆಂಗಸರು ಸರಿದು ಜಾಗ ಬಿಟ್ಟರು.
ಜಲಜಕ್ಕ ಹೇಳಿದರು: ಬಲೆ ಹೆಣೆಯುವ ಶೆಡ್ಡಿನಲ್ಲಿ
ಒಂದು ಫೋನನ್ನು ಐಸ್ ಪೆಟ್ಟಿಗೆಗೆ ಒರಗಿಸಿ
ನಲವತ್ತು ಜನ ನೋಡಿದೆವು.
ಆ ಮಣಿಪುರದ ಹುಡುಗಿ ಬಿದ್ದಳು, ಏಳಲಿಲ್ಲ.
ಗೆರೆಯ ಹತ್ತಿರ ನೀನು, ಗ್ಲೌಸು ಬಿಗಿಯುತ್ತ ಇದ್ದಿ.
ಬೋರ್ಡಿನಲ್ಲಿ ಹಸಿರು ಇಪ್ಪತ್ತಮೂರು.
ಆಗ ನೆಟ್ ಹೋಯಿತು.
ಬರುವಾಗ ಆಟ ಮುಗಿದಿತ್ತು.
"ಸೋತದ್ದು ಇರಲಿ. ಮೂರಿದ್ದದ್ದು ಮೂರೇ ಉಳಿಯಿತಲ್ಲ,
ನೀನು ಒಂದೂ ಬಿಡಲಿಲ್ಲ.
ನಿನ್ನುಮ್ಮ ಶೆಡ್ಡಿನವರಿಗೆಲ್ಲ ಚಾ ಕೊಡಿಸಿದಳು, ಸಾಲದಲ್ಲಿ."

ಹೇಳಬೇಕೆಂದು ಬಾಯಿ ತೆರೆದೆ. ಇಂಜಿನ್ ಹಿಡಿಯಿತು.

ಮೊದಲನೇ ತಂಡಕ್ಕೆ ಬೇರೆಲ್ಲೋ ದೊಡ್ಡ ಆಟವಿತ್ತು.
ಕರೆದವರಿಗೆ ಇಲ್ಲ ಅನ್ನಲಾಗದೆ ನಮ್ಮನ್ನು ಕಳಿಸಿದರು,
ಯಜಮಾನನ ಬದಲು ಮದುವೆಗೆ ಹೋದ ತಮ್ಮನ ಹಾಗೆ
ಉಡುಗೊರೆ ಹಿಡಿದುಕೊಂಡು, ಕೊನೆಯ ಪಂಕ್ತಿಗೆ.
ಅಂಗಿಯೂ ಅವರದ್ದೇ. ಬೆನ್ನಿನ ಹೆಸರು ಬಿಚ್ಚಿದ್ದರು,
ಸೂಜಿಯ ತೂತು ಉಳಿದಿತ್ತು;
ಬೆವತಾಗ ಯಾರದೋ ಹೆಸರು
ಅಕ್ಷರ ಅಕ್ಷರವಾಗಿ ನನ್ನ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು.
ರಾಷ್ಟ್ರಗೀತೆಗೆ ಮಾತ್ರ ಎರಡನೇ ತಂಡ ಇಲ್ಲ.
ಅದೇ ಐವತ್ತೆರಡು ಸೆಕೆಂಡು, ಬೆಂಚಿನವರಿಗೂ.

ಎರಡನೇ ತಂಡದ ಮೂರನೇ ಗೋಲ್‌ಕೀಪರ್ ನಾನು.
ಕೆಲಸ: ಆಟಕ್ಕೆ ಮುಂಚೆ ಮೇಮ್ಚಾಳ ಕೈ ಬಿಸಿ ಮಾಡುವುದು.
ಎಡಕ್ಕೆ ಇಪ್ಪತ್ತು ಚೆಂಡು, ಬಲಕ್ಕೆ ಇಪ್ಪತ್ತು,
ಮತ್ತೆ ಕೆಲವು ಸುಮ್ಮನೆ ಎದೆಗೆ, ಧೈರ್ಯಕ್ಕೆ.
ದೂರ ಹೋದದ್ದನ್ನು ಹೆಕ್ಕಿ ತರುವುದೂ ನಾನೇ.
ಬೆಂಗ್ರೆಯ ಮರಳಲ್ಲಿ ಬಿದ್ದು ಕಲಿತವಳಿಗೆ
ಆ ಊರಿನ ಹುಲ್ಲು ಗಟ್ಟಿ.
ಮೊಣಕೈ ಸುಲಿಯಿತು, ಬರೀ ಅಭ್ಯಾಸದಲ್ಲೇ.
ಎರಡನೆಯವಳಿಗೆ ಜ್ವರ ಬಂದ ರಾತ್ರಿ
ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದೆ.
ಒಳಗೆ ಎಂತದೋ ಚಿಮ್ಮಿತು.
ಅದಕ್ಕೆ ಹೆಸರಿಡುವುದು ಬೇಡ.

ಎಂಬತ್ತೇಳನೇ ನಿಮಿಷ. ಹಸಿರು ಇಪ್ಪತ್ತಮೂರು.
ನನ್ನ ಒಂದು ಕಾಲು ಸುಣ್ಣದ ಗೆರೆಯ ಮೇಲೆ.
ಆಗ ಮೇಮ್ಚಾ ಎದ್ದಳು.
ಹೆಗಲು ಒಮ್ಮೆ ಕೊಡವಿದಳು,
ನನ್ನ ಕಡೆ ನೋಡದೆ, ಬೇಡ, ಎಂದು ಕೈಯಾಡಿಸಿದಳು.
ಬೋರ್ಡು ಆರಿತು.
ಗ್ಲೌಸು ಹಾಕುವುದಕ್ಕಿಂತ ಕಳಚುವುದು ಕಷ್ಟ,
ಹಲ್ಲು ಬೇಕು.
ಉಳಿದ ಹೊತ್ತಿನಲ್ಲಿ ಬಂದ ಎರಡು ಚೆಂಡನ್ನೂ
ಅವಳು ಒಂದೇ ಕೈಯಲ್ಲಿ ತಡೆದಳು.

ಅಳಿವೆ ಕಡೆಯಿಂದ ಒಂದು ಟ್ರಾಲರ್ ಬಂತು.
ಅದರ ಅಲೆಗೆ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿದೆವು.
ಅದೇ ಸಮಯ ಎಂದು ಜಲಜಕ್ಕನ ಕಿವಿಗೆ ಬಾಯಿಯಿಟ್ಟೆ:
ನಾನು ಇಳಿಯಲೇ ಇಲ್ಲ.

ಅವರು ಬುಟ್ಟಿಯ ತಳದ ನೀರು ಹೊಳೆಗೆ ಚೆಲ್ಲಿದರು.
ಸೆರಗಿನಿಂದ ಕೈ ಒರಸಿದರು, ಬೆರಳು ಬೆರಳಾಗಿ.
"ನಿನ್ನುಮ್ಮ ಚಾದ ಸಾಲ ತೀರಿಸಲಿ.
ಮತ್ತೆ ಹೇಳುವ."

ಆಚೆ ದಡದಲ್ಲಿ ಎರಡು ಹುಟ್ಟು ನೆಟ್ಟು ಹರಿದ ಬಲೆ ಕಟ್ಟಿ
ಹುಡುಗಿಯರು ಕಾಯುತ್ತಿದ್ದರು.
ಬ್ಯಾಗು ಇಳಿಸುವ ಮೊದಲೇ
ಎಲ್ಲರಿಗಿಂತ ಸಣ್ಣವಳು, ಫಾಯಿಝಾ, ಒದ್ದಳು.
ನನ್ನ ಕಾಲ ಸಂದಿಯಲ್ಲೇ ಹೋಯಿತು.
"ಅಲ್ಲಿ ಹಿಡಿದವರು ಇಲ್ಲಿ ಬಿಟ್ಟದ್ದಾ?"

ಬಲೆಯ ತೂತಿನಿಂದ ನುಸುಳಿ ಚೆಂಡು ನೀರಿನ ಕಡೆ ಉರುಳುತ್ತಿತ್ತು.
ಉತ್ತರ ಕೊಡದೆ ಓಡಿದೆ.
ಚೆಂಡು ಹೆಕ್ಕಿ ತರುವುದರಲ್ಲಿ
ನನ್ನನ್ನು ಮೀರಿಸುವವರು ಯಾವ ತಂಡದಲ್ಲೂ ಇಲ್ಲ.