ಸಹನೆಯ ಬಾಡಿಗೆದಾರ

ಅಕ್ಟೋಬರ್ ಮೂವತ್ತೊಂದಕ್ಕೆ ಕರಾರು ಮುಗಿಯಿತು.
ನವೆಂಬರ್ ಒಂದರ ಬೆಳಿಗ್ಗೆ ಕೆಳಗಿನ ಮನೆಯಿಂದ
ಈರುಳ್ಳಿ ಹುರಿಯುವ ವಾಸನೆ ಬಂತು.
ಲೈಲ್ ಬುಶಾರ್ ಹೋಗಿಲ್ಲ.
ಹೋಗುವವರು ಈರುಳ್ಳಿ ಹುರಿಯುವುದಿಲ್ಲ;
ಬ್ರೆಡ್ಡು ತಿಂದು, ಕೈ ಒರೆಸಿಕೊಂಡು, ಬೀಗದ ಕೈ ಇಟ್ಟು ನಡೆಯುತ್ತಾರೆ.

ಡುಲೂತ್ ಊರಿನ ಗುಡ್ಡದ ಮೇಲೆ ನನ್ನದು ಎರಡಂತಸ್ತಿನ ಮರದ ಮನೆ.
ಮೇಲೆ ನಾನು, ಕೆಳಗೆ ಅವನು,
ನಡುವೆ ಹೊರಗೋಡೆಗೆ ಆತುಕೊಂಡ ಹತ್ತೊಂಬತ್ತು ಮೆಟ್ಟಿಲು.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ನನ್ನ ಬಲ ಮೊಣಕಾಲು
ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತದೆ.
ಕೆಳಗಿನ ಮನೆ ನನಗೆ ಬೇಕು. ಅಷ್ಟೇ ವಿಷಯ.
ಜುಲೈಯಲ್ಲೇ ಹೇಳಿದ್ದೆ. ಅವನು ತಲೆಯಾಡಿಸಿದ್ದ.

ವಕೀಲೆ ಮಿಸ್ ಪ್ರೆಸ್ಕಾಟ್ ಹೇಳಿದಳು:
ಬೀಗ ಬದಲಿಸಬೇಡಿ. ಮನೆಯ ಬಿಸಿ ನಿಲ್ಲಿಸಬೇಡಿ.
ಅವನ ಕುರ್ಚಿಯನ್ನು ನೀವು ಹೊರಗಿಟ್ಟರೆ
ನ್ಯಾಯಾಧೀಶರೆದುರು ನೀವೇ ನಿಲ್ಲಬೇಕಾದೀತು.
ಮೊಕದ್ದಮೆ ಹೂಡಿ, ಸರದಿ ಕಾಯಿರಿ.
ಇಲ್ಲವೇ ಒಂದಿಷ್ಟು ಹಣ ಕೊಟ್ಟು ಎಬ್ಬಿಸಿ.
(ನನ್ನ ಮನೆಯಿಂದ ಏಳುವುದಕ್ಕೂ ನಾನೇ ಬಾಡಿಗೆ ಕೊಡಬೇಕೆ?)
ಅದೂ ಬೇಡವೆಂದರೆ ಅವನ ಚೆಕ್ಕು ತೆಗೆದುಕೊಳ್ಳಿ:
ತೆಗೆದುಕೊಂಡ ಗಳಿಗೆಯಿಂದ ಅವನು ತಿಂಗಳ ಬಾಡಿಗೆದಾರ,
ಒಂದಕ್ಕೊಂದು ಗಂಟು ಬಿದ್ದ, ಕೊನೆ ಸಿಗದ ತಿಂಗಳು.
ಅಲ್ಲಿಯತನಕ ಕಾನೂನಿನಲ್ಲಿ ಅವನಿಗೊಂದು ಹೆಸರಿದೆ ಎಂದಳು:
ಸಹನೆಯ ಬಾಡಿಗೆದಾರ.
ಯಾರ ಸಹನೆ ಎಂದು ನಾನು ಕೇಳಲಿಲ್ಲ.
ಗಂಟೆಗೆ ಇನ್ನೂರೈವತ್ತು ಡಾಲರ್ ಅವಳ ದರ.

"ಅವನಿಂದ ಏನನ್ನೂ ತೆಗೆದುಕೊಳ್ಳಬೇಡಿ," ಬಾಗಿಲವರೆಗೆ ಬಂದು ಮತ್ತೆ ಹೇಳಿದಳು,
"ಏನನ್ನೂ."

ನವೆಂಬರಿನ ಚೆಕ್ಕು ಬಂತು. ಕಾಫಿ ಡಬ್ಬಿಯ ಕೆಳಗಿಟ್ಟೆ.
ಡಿಸೆಂಬರಿನದೂ ಅದರ ಮೇಲೆ ಮಲಗಿತು.
ಐಲಿ ಕೊಸ್ಕೆಲಾ ಅವರಿಗೆ, ಎಂದು ಒಂದಕ್ಷರ ತಪ್ಪದೆ ಬರೆಯುತ್ತಾನೆ;
ಬ್ಯಾಂಕಿನವರಿಗೇ ಅದು ಬಾರದು.

ಸರೋವರದಿಂದ ಗಾಳಿ ಎದ್ದ ರಾತ್ರಿ ಮೊಣಕಾಲುದ್ದ ಹಿಮ ಬಿತ್ತು.
ಬೆಳಗಿನ ಐದಕ್ಕೆ ಸಲಿಕೆಯ ಸದ್ದು:
ಕರ್ರ್, ತುಸು ಬಿಡುವು, ಕರ್ರ್.
ಕಿಟಕಿಯಿಂದ ಬಗ್ಗಿ ನೋಡಿದರೆ ಅವನು.
ನನ್ನ ಮೆಟ್ಟಿಲು. ಮೇಲಿನಿಂದ ಕೆಳಗೆ, ಹತ್ತೊಂಬತ್ತೂ.
ಆಮೇಲೆ ಬಕೆಟ್ಟಿನಿಂದ ಹಿಡಿ ಹಿಡಿ ಕಲ್ಲುಪ್ಪು,
ಕೋಳಿಗೆ ಕಾಳು ಎರಚಿದ ಹಾಗೆ.
ಕರಾರಿನಲ್ಲಿ ಇದಿರಲಿಲ್ಲ. ಕರಾರಿದ್ದ ಆರು ವರ್ಷದಲ್ಲಿ
ಅವನು ಒಮ್ಮೆಯೂ ಸಲಿಕೆ ಮುಟ್ಟಿದವನಲ್ಲ.

ಉಪ್ಪು ತಿಂದವರು ಋಣಿಗಳು, ಸರಿ.
ಉಪ್ಪು ತುಳಿದವರು?

ವಕೀಲೆಗೆ ಫೋನು ಮಾಡಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.
ಆ ಮೌನಕ್ಕೂ ಬಿಲ್ಲು ಬಂತು.

ಇವತ್ತು ನೋಟೀಸನ್ನು ಕೈಗವಸಿನೊಳಗೆ ಮಡಚಿಟ್ಟುಕೊಂಡು
ಏಡಿಯ ಹಾಗೆ ಅಡ್ಡಡ್ಡ ಇಳಿದೆ.
ಬಾಗಿಲು ತೆರೆದ. ಗೋಡೆಗುಂಟ ರಟ್ಟಿನ ಪೆಟ್ಟಿಗೆಗಳು,
'ಅಡುಗೆಮನೆ', 'ಪುಸ್ತಕ', ಕೆಳಗೆ ಜುಲೈಯ ತಾರೀಕು.
'ಅಡುಗೆಮನೆ'ಯ ಬಾಯಿ ಮಾತ್ರ ತೆರೆದಿತ್ತು,
ಬಾಣಲೆ ಹೊರಗೆ ಬಂದು ಒಲೆಯ ಮೇಲಿತ್ತು.
ಎಷ್ಟು ಮನೆ ನೋಡಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.
ನೋಟೀಸಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಓದಿ ಮುಗಿಸಿ
"ಕೆಳಗಿನಿಂದ ಮೂರನೆಯ ಮೆಟ್ಟಿಲು ಜಾರುತ್ತೆ, ನೋಡಿಕೊಳ್ಳಿ" ಎಂದ.

ನೋಡಿಕೊಂಡೆ.

ಮೇಲೆ ಬಂದು ಬೂಟು ಬಿಚ್ಚಿದರೆ
ಅಡಿಗೆ ಅಂಟಿ ಬಂದ ನಾಲ್ಕೈದು ಹರಳು
ಅಡುಗೆಮನೆಯ ನೆಲದಲ್ಲಿ ನೀರಾಗುತ್ತಿವೆ.
ಪೊರಕೆ ಹಿಡಿದು ನಿಂತಿದ್ದೇನೆ.
ಏನನ್ನೂ, ಎಂದಿದ್ದಳು.