ಫ್ಯಾನು ಛಲೋ ತಿರಗಾಕತ್ತೈತ್ರಿ

ಆರಾಧನೆ ಮುಗಿದು ಬಾಗಿಲಲ್ಲಿ ನಿಂತೆ,
ಬಿಳಿ ನಿಲುವಂಗಿಯ ಕಂಕುಳೆರಡೂ ಒದ್ದೆ.
ಒಬ್ಬೊಬ್ಬರೇ ಬಂದು ಕೈ ಕುಲುಕಿ ಹೋದರು
ಸಾವಿನ ಮನೆಯಿಂದ ಹೊರಡುವವರ ಹಾಗೆ,
ಕಣ್ಣಿಗೆ ಕಣ್ಣು ತಾಗದಂತೆ.
ಸಭೆಯ ಹಿರಿಯ ಸತ್ಯವಂತಪ್ಪ ಮಾತ್ರ ಕೈ ಬಿಡದೆ
ತುಸು ಯೋಚಿಸಿ ಹೇಳಿದರು:
"ಫ್ಯಾನು ಈಗ ಛಲೋ ತಿರಗಾಕತ್ತೈತ್ರಿ, ಅಯ್ಯನವರ."

ಕಳೆದ ನಾಣ್ಯದ ಸಾಮ್ಯ. ಎಲ್ಲರಿಗೂ ಗೊತ್ತಿದ್ದದ್ದೇ:
ಹತ್ತರಲ್ಲಿ ಒಂದು ಕಳೆದು, ಹೆಂಗಸು ದೀಪ ಹಚ್ಚಿ
ಮನೆ ಗುಡಿಸಿ ಹುಡುಕುವುದು.
ಬುಧವಾರದಿಂದ ನಾನೂ ಗುಡಿಸಿದ್ದೆ,
ನಾಣ್ಯದ ತೂಕ, ಅಂದಿನ ದಿನಗೂಲಿ,
ಆ ಸೀಮೆಯ ಮನೆಗಳಿಗೆ ಕಿಟಕಿ ಯಾಕೆ ಕಮ್ಮಿ,
ಮೂರು ಪುಸ್ತಕ ತಿರುವಿ ಐದು ಹಾಳೆ.
ದೀಪ ಹಚ್ಚಿದ ನೆನಪಿಲ್ಲ.

ಎರಡನೆಯ ಹಾಳೆಯಲ್ಲೇ ತಿಳಿಯಿತು.
ಮಾತು ಬಾಯಿಂದ ಹೊರಟು ಮೂರನೆಯ ಬೆಂಚು ಮುಟ್ಟುವ ಮೊದಲೇ
ನೆನೆದ ಪಟಾಕಿಯ ಹಾಗೆ ಬೀಳುತ್ತಿತ್ತು.
ಕೀಬೋರ್ಡಿನ ಮುಂದೆ ತೂಕಡಿಸಿದ ಕ್ರಿಸ್ತಾನಂದನ
ಮೊಣಕೈ ಜಾರಿ ಒಂದು ಸ್ವರ ತಾನೇ ಕೂಗಿತು.
ಮಕ್ಕಳು ನಕ್ಕರು. ನಾನೂ ನಗಬೇಕಿತ್ತು.
ಗದರಿದೆ.
ಗದರಿದ ಮೇಲೆ ಸಾಲು ತಪ್ಪಿತು,
ಹೇಳಿದ್ದನ್ನೇ ಹೇಳಿದೆ, ದನಿ ಏರಿಸಿ,
ಭಾಷೆ ಬಾರದವರಿಗೆ ದಾರಿ ಹೇಳುವವರ ಹಾಗೆ.
"ಕೊನೆಯದಾಗಿ" ಎಂದೆ. ಹತ್ತು ನಿಮಿಷ ಬಿಟ್ಟು
ಮತ್ತೆ "ಕೊನೆಯದಾಗಿ."
ಮೂರನೆಯ ಸಲ ಯಾರೂ ನಂಬಲಿಲ್ಲ.

ಊಟಕ್ಕೆ ಕೂತಾಗ ಪ್ರಫುಲ್ಲಾ ಏನೂ ಅನ್ನಲಿಲ್ಲ.
ಹದಿನಾರು ವರ್ಷ, ಅವಳು ಏನೂ ಅನ್ನದ ಬಗೆಗಳೆಲ್ಲ ನನಗೆ ಬಾಯಿಪಾಠ,
ಇದು ಕೇಳದೆಯೇ ಎರಡನೆಯ ಸಲ ಸಾರು ಬಡಿಸುವ ಬಗೆ.
"ಅನ್ನೂದು ಅಂದುಬಿಡು," ಎಂದೆ.
"ಉದ್ದ ಆತು," ಅಂದಳು. ತುಸು ತಡೆದು,
"ನೀವು ಒಮ್ಮೆರ ಕಸಬರಗಿ ಹಿಡದಿದ್ರ
ಬ್ಯಾರೇ ಹೇಳತಿದ್ರೇನೋ."

ಮಲಗಿದರೆ ನಿದ್ದೆಯಿಲ್ಲ. ಓಣಿಯಾಚೆ ಬೆಟಗೇರಿಯ ಮಗ್ಗ,
ರವಿವಾರವೂ ಬಿಡದ ಖಟಕ್ ಖಟಕ್,
ನಡುವೆ ತಟ್ಟನೆ ನಿಂತಿತು. ಎಳೆ ಹರಿದಿರಬೇಕು.
ಗಂಟು ಹಾಕಿದರು, ಮತ್ತೆ ಶುರು.
ಛಲೋ ದೃಷ್ಟಾಂತ, ಮುಂದಿನ ವಾರಕ್ಕಾದೀತು, ಎಂದಿತು ಮನಸ್ಸು.
ಥೂ, ನಾಚಿಕೆಗೇಡಿ!
ಎಮ್ಮೆ ಸತ್ತ ದಿನವೂ ಬೆಣ್ಣೆಯ ಲೆಕ್ಕ.

ಸಂಜೆ ಆಸ್ಪತ್ರೆಗೆ ಹೋಗುವ ಸರದಿ. ಮನಸ್ಸಿರಲಿಲ್ಲ, ಹೋದೆ.
ಗಂಡಸರ ವಾರ್ಡಿನ ಮೂಲೆಯಲ್ಲಿ ಎಲೀಷಪ್ಪ,
ನಲವತ್ತು ವರ್ಷ ಚರ್ಚಿನ ಗಂಟೆ ಬಾರಿಸಿ
ಕಿವಿ ಕಳಕೊಂಡವನು, ಈಗ ಸೊಂಟವೂ ಮುರಿದು.
"ಇವತ್ತೇನ್ ಹೇಳಿದ್ರಿ?" ಎಂದು ಕೂಗಿದ,
ವಾರ್ಡಿಗೆ ವಾರ್ಡೇ ನನ್ನತ್ತ ತಿರುಗಿತು.
ಐದು ಹಾಳೆ ಆ ಕಿವಿಗೆ ಹಿಡಿಸುವಂತಿರಲಿಲ್ಲ.
ಬಾಗಿ, ಬಾಯಿಟ್ಟು ಹೇಳಿದೆ:
"ಒಂದು ರೊಕ್ಕ ಕಳೀತು. ಆಕಿ ಹುಡುಕಿದಳು."
"ಸಿಕ್ಕಿತೇನು?"
ಹುಟ್ಟಿದಾಗಿನಿಂದ ಕೇಳಿದವನು, ಈಗಷ್ಟೇ ಕೇಳುವವನ ಹಾಗೆ.
"ಸಿಕ್ಕಿತು."
"ಹಾಂ," ಎಂದು ಕಣ್ಣು ಮುಚ್ಚಿದ,
ನನ್ನ ಕಿರುಬೆರಳು ಅವನ ಮುಷ್ಟಿಯಲ್ಲೇ ಉಳಿಯಿತು.
ಪಕ್ಕದ ಹಾಸಿಗೆಯಿಂದ ಪಟ್ಟಿ ಕಟ್ಟಿದ ಹುಡುಗ, ನಮ್ಮ ಸಭೆಯವನಲ್ಲ,
"ಎಲ್ಲಿ ಸಿಕ್ತ್ರಿ?" ಅಂದ.

ಎಲ್ಲಿ? ಮೂರು ಪುಸ್ತಕದಲ್ಲೂ ಅದಿಲ್ಲ.
"ಗೊತ್ತಿಲ್ಲಪ್ಪ," ಎಂದೆ.
"ಟ್ರಂಕಿನ ಕೆಳಗ ಇರತಾವ್ರಿ," ಎಂದ ಅವನು,
"ಯಾವಾಗ್ಲೂ ಅಲ್ಲೇ."

ರಾತ್ರಿ ಚರ್ಚಿನ ಬೀಗ ನೋಡಲು ಹೋದೆ.
ಫ್ಯಾನು ತಿರುಗುತ್ತಲೇ ಇತ್ತು, ಆರಿಸಲು ಎಲ್ಲರೂ ಮರೆತಿದ್ದರು.
ಪೀಠದ ಮೇಲಿನ ಹಾಳೆಗಳು ಬೆಂಚುಗಳ ಕೆಳಗೆಲ್ಲ ಹಾರಿದ್ದವು.
ಹೆಕ್ಕಲಿಲ್ಲ. ಕೊನೆಯ ಬೆಂಚಿನಲ್ಲಿ, ಹುಡುಗರು ಕೂಡುವಲ್ಲಿ,
ಸ್ವಲ್ಪ ಹೊತ್ತು ಕೂತೆ.
ಸತ್ಯವಂತಪ್ಪ ಹೇಳಿದ್ದು ಖರೆ.
ಗಾಳಿ ಇಲ್ಲಿಯವರೆಗೂ ಬರುತ್ತದೆ.