ಪ್ಲಾಸ್ಟರು ಸುತ್ತಿದ ಗಂಟು

ಮೂರನೇ ಸಲ ದೂಡಿಸಿಕೊಂಡು ಬಂದದ
ನೌಬಾದಿನ ನನ್ನ ಅಂಗಡಿಗಿ
ಸಲೋಮಿ ಸಿಸ್ಟರ್ ಅವರ ಫಿಯಾಟು.
ಬ್ಯಾಟರಿ ಹೊಸಾದು. ಡೈನಮೊ ಛಲೋ ಅದ.
ರಾತ್ರಿ ನಿಲ್ಲಿಸಿದ್ರ ಮುಂಜಾನಿ ಸತ್ತಿರ್ತದ.

ಚಾವಿ ತೆಗೆದು, ಟೆಸ್ಟ್ ಲ್ಯಾಂಪಿನ ಮೊನಿ
ರೇಡಿಯೋದ ಬೆನ್ನಿಗಿ ಚುಚ್ಚಿದೆ.
ಹತ್ತಬಾರದು,
ಹತ್ತಿತು.

ಡ್ಯಾಶಿನ ಕೆಳಗ ಅಂಗಾತ ಬಿದ್ದು ನೋಡ್ತೀನಿ:
ಹೊಸ ಸೆಟ್ಟಿನ ಕೆಂಪು, ಹಳದಿ ಎರಡೂ
ಒಂದೇ ಹಳೇ ಗಂಟಿಗಿ, ಸೀದಾ ಬ್ಯಾಟರಿಗಿ.
ಫ್ಯೂಸಿಲ್ಲ. ಟೇಪಿನ ಬದಲಿ
ದವಾಖಾನಿ ಪ್ಲಾಸ್ಟರು,
ಬೆರಳಿಗಿ ಸುತ್ತಿದಂಗ.

"ಈ ಗಂಟು ಯಾವ ಮಿಸ್ತ್ರಿ ಹಾಕ್ಯಾನ್ರಿ?"
ಸಿಸ್ಟರ್ ಗದ್ದ ಎತ್ತಿ ತೋರಿಸಿದರು.
ಟೈರಿನ ಮ್ಯಾಲ ಕುಂತಿದ್ದ ಪ್ರಭುದಾಸ
ಚಾದ ಬಸಿಯೊಳಗ ಮಾರಿ ಇಟ್ಟ.

ನೈಟ್ ಡ್ಯೂಟಿ, ಹೆರಿಗಿ ವಾರ್ಡು.
ಕಾರು ಹೊಡೆಯಾಕಿ ಆಕಿ. ಚಾವಿ ಆಕಿ ಕಿಸೆದಾಗ
ಒಳಗ ಹೋಗ್ತಿತ್ತು.
ಈತ ಬೇವಿನ ಗಿಡದ ಕೆಳಗ, ಕಾರಿನಾಗ,
ಹೈದರಾಬಾದ್ ಸ್ಟೇಷನ್ ಹಚ್ಚಿಕೊಂಡು
ಯಾರದೋ ಕೂಸು ಹುಟ್ಟೋತನ.
ಆ ಹಳೇ ರೇಡಿಯೋ ಕಿವಿ ಹಿಂಡಿದ್ರ ಸುಮ್ಮಾಗ್ತಿತ್ತು,
ಇದು ಚಾವಿ ಮಾತೇ ಕೇಳ್ತದ.

"ಇನ್ನೊಂದ್ ಚಾವಿ ಮಾಡಿಸೋದಿತ್ತಲ್ರಿ?"
"ಚಾವಿ ಇದ್ದಿದ್ರ
ಮನಿಗಿ ಹೋಗಿ ಮಲಗ್ತಿದ್ದಿಲ್ಲೇನೋ?"

ಕೆಂಪು ತಾರು ಚಾವಿಗಿ ಕೊಟ್ಟೆ, ಹಳದಿಗಿ ಫ್ಯೂಸ್ ಹಾಕಿದೆ.
ಪ್ಲಾಸ್ಟರು ಬಿಚ್ಚೂದೇ ತ್ರಾಸಾಯ್ತು,
ಭಾಳ ಬಿಗಿ ಸುತ್ತಿದ್ದ.